ಪಾಲು ಯಾರಿಗೆ ಹಾಕಿದೆ

ಕಳೆದ ಕಾರ್ತಿಕದಲ್ಲಿ, ಶೇಂಗಾ ಕೀಳುವುದಕ್ಕೆ ಇನ್ನೂ ಎಂಟು ಹತ್ತು ದಿನ ಇರುವಾಗ, ಚಿತ್ರದುರ್ಗದಿಂದ ನಮ್ಮೂರಿಗೆ ಹೋಗಿದ್ದೆ. ಊರೆಂದರೆ ಜೋಗಿಮಟ್ಟಿ ಕಾಡಿನ ಬೆನ್ನಿಗೆ ಅಂಟಿಕೊಂಡಂತೆ ಇರುವ ಒಂದು ಸಣ್ಣ ಹಳ್ಳಿ. ಅಮೆರಿಕದಲ್ಲಿ ಏಳು ವರ್ಷ ಇದ್ದು ಬಂದವನು, ಅಲ್ಲಿ ಬಂದೂಕು ಹಿಡಿದು ಜಿಂಕೆ ಬೇಟೆ ಕಲಿತವನು ಎಂಬ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಕಟ್ಟೆಯ ಮೇಲೆ ಕೂತವರು ಕೇಳಿದ್ದೆಲ್ಲ ಒಂದೇ ಮಾತು: ಎಷ್ಟು ಹೊಡೆದೆ? ಮೂರು ವರ್ಷದಲ್ಲಿ ಒಂದು ಎಂದಾಗ ಅವರಿಗೆ ನಿರಾಸೆಯಾದದ್ದು ಕಾಣುತ್ತಿತ್ತು. ಎಂಬತ್ತು ದಾಟಿದ ನನ್ನ ದೊಡ್ಡಪ್ಪ ಮಾತ್ರ ಆ ಲೆಕ್ಕ ಕೇಳಲಿಲ್ಲ. ಅಡಿಕೆ ಕತ್ತರಿಸುತ್ತ, "ಎಷ್ಟು ಜನ ಹೋಗಿದ್ರಿ?" ಎಂದರು. ಒಬ್ಬನೇ ಎಂದೆ. "ಮತ್ತೆ ಹೊತ್ತೋರು ಯಾರು?" ನಾನೇ ಎಳೆದುಕೊಂಡು ಬಂದೆ ಎಂದೆ. ಕತ್ತರಿ ನಿಂತಿತು. "ಹಂಗಾರೆ ಪಾಲು ಯಾರಿಗೆ ಹಾಕ್ದೆ?"

ಆಗ ಏನೋ ಒಂದು ಹೇಳಿ ಮಾತು ಮರೆಸಿದೆ. ಆದರೆ ಬೇಟೆಯ ಬಗ್ಗೆ ಇದುವರೆಗೆ ನನ್ನನ್ನು ಯಾರೂ ಕೇಳಿರದ ಪ್ರಶ್ನೆಗಳು ಅವು. ಅಮೆರಿಕದ ಬೇಟೆಯ ತರಗತಿಯಲ್ಲಿ ಬರೆದ ಪರೀಕ್ಷೆಯಲ್ಲಿಯೂ ಅವು ಇರಲಿಲ್ಲ, ಮಾಂಸ ತಿನ್ನದ ಗೆಳೆಯರು ನನ್ನೊಡನೆ ಜಗಳವಾಡಿದಾಗಲೂ ಬಂದಿರಲಿಲ್ಲ. ಗೆಳೆಯರು ಕೊಲ್ಲುವುದು ಸರಿಯೇ ಎಂದು ಕೇಳಿದ್ದರು, ಪರೀಕ್ಷೆ ಸುರಕ್ಷಿತವಾಗಿ ಕೊಲ್ಲುವುದು ಹೇಗೆ ಎಂದು ಕೇಳಿತ್ತು. ಕೊಂದಾದ ಮೇಲೆ ಏನಾಯಿತು ಎಂದು ಕೇಳಿದವರು ದೊಡ್ಡಪ್ಪ ಒಬ್ಬರೇ. ನಲವತ್ತರ ಹೊಸ್ತಿಲಲ್ಲಿ ಬೇಟೆ ಕಲಿಯಲು ಹೊರಟವನಿಗೆ ನಿಜವಾಗಿ ಕಷ್ಟವಾದದ್ದು ಎಲ್ಲಿ ಎಂಬುದು ಆ ಪ್ರಶ್ನೆಗಳಿಂದಲೇ ನನಗೆ ತಿಳಿಯುತ್ತ ಬಂತು.

ಎರಡು ಇಸವಿಗಳು

ನಮ್ಮದು ಬೇಟೆಯವರ ಮನೆ. ದುರ್ಗದ ಪಾಳೇಗಾರರೇ ಬೇಡರಾಗಿದ್ದ ಈ ಸೀಮೆಯಲ್ಲಿ ಅದೇನೂ ವಿಶೇಷವಲ್ಲ. ಅಜ್ಜನ ಕಾಲದ ನಾಡಬಂದೂಕಿಗೆ ಬೆಳೆ ಕಾಯುವ ಹೆಸರಿನಲ್ಲಿ ಪರವಾನಗಿ ಇತ್ತು. ಅಜ್ಜ ತೀರಿಕೊಂಡ ಮೇಲೆ ಬಂದೂಕು ಠಾಣೆಗೆ ಹೋಯಿತು, ಮನೆಯಲ್ಲಿ ಉಳಿದದ್ದು ಮದ್ದು ತುಂಬುವ ಒಂದು ಕೊಂಬು ಮತ್ತು ಮದ್ದು ಜಡಿಯುವ ಕಬ್ಬಿಣದ ಸಲಾಕೆ. ಆ ಸಲಾಕೆಯಿಂದ ನಾವು ಮಕ್ಕಳು ಹುಣಿಸೆಹಣ್ಣು ಬಡಿಯುತ್ತಿದ್ದೆವು. ಬೇಟೆಯ ಬಗ್ಗೆ ನನ್ನ ಬಾಲ್ಯದ ಕಲಿಕೆ ಅಷ್ಟೇ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, ದೊಡ್ಡಪ್ಪನಿಗೆ ಆಗ ಮೂವತ್ತರ ಆಸುಪಾಸು. ಆ ಕಾಯ್ದೆ ಮೊದಲ ದಿನದಿಂದಲೇ ಎಲ್ಲ ಬೇಟೆಯನ್ನೂ ನಿಲ್ಲಿಸಿತು ಎಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಹುಲಿಯಂಥ ಪ್ರಾಣಿಗಳಿಗೆ ಪೂರ್ಣ ರಕ್ಷಣೆ ಕೊಟ್ಟು, ಉಳಿದ ಕೆಲವಕ್ಕೆ ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬೇರೆ ಬೇರೆ ಪರವಾನಗಿಗಳನ್ನು ಮೂಲ ಕಾಯ್ದೆ ಇಟ್ಟುಕೊಂಡಿತ್ತು. ಅವನ್ನು ಅಳಿಸಿ ಬೇಟೆಯನ್ನು ಪೂರ್ತಿ ನಿಷೇಧಿಸಿದ್ದು 1991ರ ತಿದ್ದುಪಡಿ. ಆದರೆ ನಮ್ಮೂರಿನವರು ಅರ್ಜಿ ಬರೆದು ದೊಡ್ಡ ಬೇಟೆಯ ಚೀಟಿ ತರುವ ಪೈಕಿ ಆಗಿರಲಿಲ್ಲ, ಹಾಗಾಗಿ ಅವರ ಪಾಲಿಗೆ ಬೇಟೆ ಮುಗಿದದ್ದು ಎಪ್ಪತ್ತರ ದಶಕದಲ್ಲಿಯೇ. ಯುಗಾದಿಯ ಮಾರನೆಯ ದಿನ ಊರಿಗೆ ಊರೇ ಸೋವು, ಅಂದರೆ ತಮಟೆ ಬಡಿದು ಪ್ರಾಣಿ ಎಬ್ಬಿಸುವ ಗುಂಪು ಬೇಟೆ, ಹೊರಡುತ್ತಿದ್ದುದನ್ನು ನಾನು ಕೇಳಿದ್ದೇನೆಯೇ ಹೊರತು ಕಂಡಿಲ್ಲ. ಅದು ನಿಂತದ್ದು ಅನ್ಯಾಯವೆಂದು ನಾನು ಹೇಳುವುದಿಲ್ಲ. ದೊಡ್ಡಪ್ಪನ ಬಾಯಲ್ಲೇ ಹಿಂಡು ಹಿಂಡಾಗಿ ಬರುವ ಹುಲ್ಲೆಗಳಲ್ಲಿ ಒಂದನ್ನಾದರೂ ನಾನು ನಮ್ಮ ಹೊಲಗಳ ಕಡೆ ನೋಡಿದವನಲ್ಲ. ಯಾರು ಯಾರನ್ನು ಕಳೆದುಕೊಂಡರು ಎಂದು ತೂಗಿದರೆ ತಕ್ಕಡಿ ಅವುಗಳ ಕಡೆಗೇ ಬಾಗುತ್ತದೆ.

ಇನ್ನೊಂದು ಇಸವಿ 1973. ನಾನು ಕೆಲಸಕ್ಕೆ ಹೋದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಯಾರೇ ಆಗಲಿ, ತರಗತಿಗೆ ಕೂತು ಪಾಸಾಗದೆ ಸ್ವಂತ ಹೊಣೆಯ ಮೇಲೆ ಬೇಟೆಯ ಪರವಾನಗಿ ಪಡೆಯುವಂತಿಲ್ಲ ಎಂಬುದು ಅಲ್ಲಿಯ ನಿಯಮ. ಅದಕ್ಕಿಂತ ಹಿಂದಿನವರು ಮನೆಯಲ್ಲಿ ಕಲಿತಿರುತ್ತಾರೆ ಎಂಬ ಭರವಸೆ ಅದರ ಹಿಂದೆ ಇರಬೇಕು ಎಂದು ನನ್ನ ಊಹೆ. ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಹುಟ್ಟಿದವರಿಗೆ, ನಮ್ಮಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬರುತ್ತಿದ್ದ ವಿದ್ಯೆಗೆ ಕಾನೂನು ಬೀಗ ಹಾಕಿತು, ಅಲ್ಲಿ ಅದೇ ವಿದ್ಯೆಯನ್ನು ಅಜ್ಜನ ಕೈಯಿಂದ ತೆಗೆದು ಬೆಂಚಿನ ಮೇಲೆ ಕೂರಿಸಿತು. ನಾನು 1979ರಲ್ಲಿ ಹುಟ್ಟಿದವನು, ಎರಡೂ ಕಡೆಯಿಂದ ತಡವಾಗಿ ಬಂದವನು.

ಮಕ್ಕಳ ನಡುವೆ

ಯಾಕೆ ಕಲಿಯಬೇಕೆನ್ನಿಸಿತು ಎಂಬುದಕ್ಕೆ ಆಗ ನಾನು ಕೊಡುತ್ತಿದ್ದ ಕಾರಣಗಳು ಬಹಳ ಸಭ್ಯವಾಗಿದ್ದವು. ತಿನ್ನುವ ಮಾಂಸದ ಹೊಣೆ ನಾನೇ ಹೊರಬೇಕು, ಕಾಡನ್ನು ಒಳಗಿನಿಂದ ತಿಳಿಯಬೇಕು, ಇತ್ಯಾದಿ. ಅವು ಸುಳ್ಳಲ್ಲ. ಆದರೆ ಅವುಗಳ ಕೆಳಗೆ ಇದ್ದದ್ದು ಮನೆತನದ ಒಂದು ಸಣ್ಣ ಜಂಬ. ಹುಣಿಸೆಹಣ್ಣು ಬಡಿದ ಸಲಾಕೆಗೆ ನಾನು ಹಕ್ಕುದಾರ ಎಂದು ತೋರಿಸಿಕೊಳ್ಳುವ ಆಸೆ.

ತರಗತಿ ನಡೆದದ್ದು ಒಂದು ಹಳ್ಳಿಯ ಸಮುದಾಯ ಭವನದಲ್ಲಿ, ಸಂಜೆ ಹೊತ್ತು. ಇಪ್ಪತ್ತು ಮಂದಿಯಲ್ಲಿ ಹದಿನೇಳು ಮಂದಿ ಹನ್ನೊಂದು ಹನ್ನೆರಡು ವರ್ಷದ ಮಕ್ಕಳು, ಅವರನ್ನು ಕರೆತಂದ ಅಪ್ಪ ಅಮ್ಮಂದಿರು ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಿದ್ದರು. ನಾನು ಮಕ್ಕಳ ಸಾಲಿನಲ್ಲಿ ಮೊಣಕಾಲು ಮಡಚಿ ಕೂತಿದ್ದೆ. ನಾಲ್ಕು ನಿಯಮಗಳನ್ನು ಬಾಯಿಪಾಠ ಮಾಡಿಸಿದರು: ಪ್ರತಿ ಬಂದೂಕಿನಲ್ಲೂ ತೋಟಾ ಇದೆಯೆಂದೇ ನಡೆದುಕೊಳ್ಳಬೇಕು, ನಳಿಗೆ ಯಾವಾಗಲೂ ಅಪಾಯವಿಲ್ಲದ ದಿಕ್ಕಿಗೆ ಇರಬೇಕು, ಗುರಿ ಯಾವುದು, ಗುರಿಯ ಆಚೆ ಏನಿದೆ ಎರಡೂ ಖಚಿತವಾಗಿರಬೇಕು, ಹೊಡೆಯುವ ಕ್ಷಣದವರೆಗೆ ಬೆರಳು ಬಂದೂಕಿನ ಕುದುರೆಯ (ಟ್ರಿಗರ್) ಹತ್ತಿರ ಹೋಗಬಾರದು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಒಂದು ಹುಸಿ ಬೇಲಿಯನ್ನು ದಾಟಿಸಿದರು. ತೋಟಾ ತೆಗೆದು, ಬಂದೂಕನ್ನು ಬೇಲಿಯ ಕೆಳಗಿನಿಂದ ನಳಿಗೆ ಆಚೆ ಮುಖವಾಗುವಂತೆ ಸರಿಸಿ, ಸ್ವಲ್ಪ ದೂರ ಹೋಗಿ ಬೇಲಿ ದಾಟಿ, ಹಿಂಬದಿಯಿಂದ ಬಂದು ಎತ್ತಿಕೊಳ್ಳಬೇಕು. ನಾನು ಎಲ್ಲ ಸರಿಯಾಗಿಯೇ ಮಾಡಿ ಕೊನೆಗೆ ನಳಿಗೆಯ ಎದುರಿನಿಂದ ನಡೆದು ಬಂದೆ. ಜಡೆ ಹಾಕಿಕೊಂಡಿದ್ದ ಒಬ್ಬ ಹುಡುಗಿ, ನಗದೆ, ಬಹಳ ಗಂಭೀರವಾಗಿ, "ಈಗ ನೀವು ಸತ್ತಿದ್ದೀರಿ" ಎಂದಳು. ಅವಳು ಆ ಬೇಲಿಯನ್ನು ಅಪ್ಪನ ಜೊತೆ ನಿಜವಾಗಿ ನೂರು ಸಲ ದಾಟಿದ್ದಳು. ಅವಳಿಗೆ ಕೈ ಮೊದಲು ಕಲಿತು ನಿಯಮದ ಮಾತು ಆಮೇಲೆ ಬಂದಿತ್ತು. ನನಗೆ ಮಾತು ಬಾಯಿಗೆ ಬಂದಿತ್ತು, ಕೈಗೆ ಇಳಿದಿರಲಿಲ್ಲ.

(ಇಲ್ಲಿ ಒಂದು ವಿಚಿತ್ರ ಹೇಳಬೇಕು. ಕೆಲಸದ ವೀಸಾದ ಮೇಲೆ ಇರುವ ವಿದೇಶಿ ಅಮೆರಿಕದಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಅವನ ಹತ್ತಿರ ಊರ್ಜಿತವಾದ ಬೇಟೆಯ ಪರವಾನಗಿ ಇದ್ದರೆ ಆ ನಿರ್ಬಂಧಕ್ಕೆ ವಿನಾಯಿತಿ ಇದೆ. ನಮ್ಮ ದೇಶದಲ್ಲಿ ಬಂದೂಕು ಇದ್ದವನಿಗೂ ಬೇಟೆ ಇಲ್ಲ, ಅಲ್ಲಿ ಬೇಟೆಯ ಚೀಟಿ ಇಲ್ಲದಿದ್ದರೆ ನನಗೆ ಬಂದೂಕೇ ಇಲ್ಲ. ದೊಡ್ಡಪ್ಪನಿಗೆ ಇದನ್ನು ವಿವರಿಸಲು ಹೋಗಿ ನಾನೇ ಎರಡು ಸಲ ತಪ್ಪಿದೆ.)

ಹಳೆಯ ಬೋಲ್ಟ್ ರೈಫಲ್ ಒಂದನ್ನು ಕೊಂಡೆ. ನೂರು ಗಜದಲ್ಲಿ ಕಾಗದದ ಗುರಿಗೆ ಹೊಡೆಯುವುದು ಒಂದು ಬೇಸಿಗೆಯಲ್ಲಿ ಕೈಗೆ ಬಂತು. ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ, ಸೈಕಲ್ಲಿನಷ್ಟೇ ಕಷ್ಟ. ಬಾರದೇ ಹೋದದ್ದು ಕೂರುವ ವಿದ್ಯೆ. ಅಲ್ಲಿ ಬಂದೂಕಿನ ಜಿಂಕೆ ಬೇಟೆಯ ಮುಖ್ಯ ಋತು ನವೆಂಬರ್ ಕೊನೆಯ ಹೊತ್ತಿನ ಒಂಬತ್ತು ದಿನ, ಐದು ಲಕ್ಷಕ್ಕೂ ಹೆಚ್ಚು ಜನ ಆ ದಿನಗಳಿಗೆ ಚೀಟಿ ಪಡೆದಿರುತ್ತಾರೆ. ಸೊಂಟದ ಮೇಲಿನ ಉಡುಪಿನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣವೋ ಗುಲಾಬಿಯೋ ಇರಬೇಕು, ಒಬ್ಬರನ್ನೊಬ್ಬರು ಹೊಡೆದುಕೊಳ್ಳದಿರಲೆಂದು. ಜಿಂಕೆಯ ಕಣ್ಣಿಗೆ ಆ ಕಿತ್ತಳೆ ಮಂಕಾಗಿ ಕಾಣುತ್ತದೆ, ಅದು ಹೆದರುವುದು ಅಲುಗಾಟಕ್ಕೆ ಮತ್ತು ವಾಸನೆಗೆ. ಸೂರ್ಯೋದಯಕ್ಕೆ ಮೊದಲೇ ಹೋಗಿ ಕೂತರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಅರ್ಧ ಗಂಟೆಗೆ ಕಾಲು ಮರಗಟ್ಟುತ್ತದೆ, ಮುಕ್ಕಾಲು ಗಂಟೆಗೆ ಮೂಗು ಕೆರೆಯಬೇಕೆನ್ನಿಸುತ್ತದೆ, ಕೆರೆದ ಕ್ಷಣಕ್ಕೇ ಎಲ್ಲೋ ಒಂದು ಬಿಳಿ ಬಾಲ ಎದ್ದು ಮಾಯವಾಗುತ್ತದೆ. ಒಣ ಎಲೆಯ ಮೇಲೆ ಅಳಿಲು ಓಡಿದರೆ ಕುದುರೆ ಬಂದಂತೆ ಸದ್ದು, ಜಿಂಕೆ ಬಂದರೆ ಸದ್ದೇ ಇಲ್ಲ. ಎರಡು ವರ್ಷ ನಾನು ಬರಿಗೈಯಲ್ಲಿ ಬಂದೆ.

ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಮುದುಕರಿದ್ದರು. ಅವರು ನನ್ನನ್ನು ಕರೆದುಕೊಂಡು ಹೋಗಲಿಲ್ಲ, ಅವರ ಜೊತೆ ಹೋಗಲು ಮಕ್ಕಳು ಮೊಮ್ಮಕ್ಕಳು ಇದ್ದರು. ಆದರೆ ಬೇಲಿಯ ಆಚೆಯಿಂದ ಒಂದೊಂದೇ ಮಾತು ಹೇಳುತ್ತಿದ್ದರು. ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಇಲ್ಲದ ಪ್ರಾಣಿ ಅದು, ಆದ್ದರಿಂದ ಚಿಗುರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ತುದಿ ನಾರಾಗಿದ್ದರೆ ಜಿಂಕೆ, ಓರೆಯಾಗಿ ನಯವಾಗಿ ಕತ್ತರಿಸಿದ್ದರೆ ಮೊಲ. ಬೆಳಗಿನ ತಂಪಿಗೆ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲೇರಿದ ಮೇಲೆ ತಿರುಗಿ ಮೇಲಕ್ಕೆ. ಅದಕ್ಕೆ ತಕ್ಕಂತೆ ಕೂರುವ ಜಾಗ ಬದಲಿಸಬೇಕು. ಇವೆಲ್ಲ ನನಗೆ ಹೊಸ ಜ್ಞಾನವೆಂದು ಪುಸ್ತಕದಲ್ಲಿ ಬರೆದುಕೊಂಡೆ. ಊರಿಗೆ ಬಂದ ಮೇಲೆ ಗೊತ್ತಾಯಿತು, ಅಷ್ಟೂ ದೊಡ್ಡಪ್ಪನಿಗೆ ಗೊತ್ತಿತ್ತು.

ಈಡಿನ ಆಚೆ

ಮೂರನೆಯ ವರ್ಷ, ಋತುವಿನ ಮೂರನೆಯ ದಿನ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಓಕ್ ಮರಗಳ ನಡುವಿನಿಂದ ಇಳಿದು ಬಂತು. ಕೊಂಬಿಲ್ಲದ ಜಿಂಕೆಗೆ ಬೇಕಾದ ಬೇರೆಯ ಚೀಟಿ ನನ್ನ ಜೇಬಿನಲ್ಲಿತ್ತು. ಅರವತ್ತು ಗಜ. ಮುಖ ನನ್ನ ಕಡೆ ಇತ್ತು, ಹಾಗಿರುವಾಗ ಹೊಡೆಯಬಾರದೆಂದು ಕಲಿಸಿದ್ದರು. ಅದು ಅಡ್ಡ ತಿರುಗುವವರೆಗೆ ಕಾದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೆಯ ಒಂದು ಭಾಗ ಮೇಲೆ. ಈಡು ಹಾರಿದ ಸದ್ದು ನನಗೆ ನೆನಪಿಲ್ಲ, ಹೆಗಲಿಗೆ ಬಿದ್ದ ಗುದ್ದೂ ನೆನಪಿಲ್ಲ. ಅದು ಹಿಂಗಾಲು ಝಾಡಿಸಿ, ಬಾಲ ಇಳಿಸಿಕೊಂಡು ಓಡಿ, ಪೊದೆಯ ಆಚೆ ಹೋಯಿತು.

ಹೊಡೆದ ಮೇಲೆ ಅರ್ಧ ಗಂಟೆ ಕೂತಲ್ಲೇ ಕೂತಿರಬೇಕು ಎಂಬುದು ಎಲ್ಲರೂ ಹೇಳಿಕೊಟ್ಟ ಮಾತು. ಹಿಂದೆಯೇ ಓಡಿದರೆ ಗಾಯಗೊಂಡ ಪ್ರಾಣಿ ಮತ್ತೆ ಎದ್ದು ಮೈಲಿಗಟ್ಟಲೆ ಹೋಗಿಬಿಡಬಹುದು. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಆ ಅರ್ಧ ಗಂಟೆಯ ಬಗ್ಗೆ ತರಗತಿಯಲ್ಲಿ ಹೇಳಿದ್ದು ಒಂದು ಸಾಲು. ಮೂರು ವರ್ಷದಲ್ಲಿ ನಾನು ಕಲಿಯದೇ ಉಳಿದದ್ದೆಲ್ಲ ಆ ಒಂದು ಸಾಲಿನೊಳಗೆ ಇತ್ತು. ಕೈ ನಡುಗುತ್ತಿತ್ತು, ಗಡಿಯಾರದ ಮುಳ್ಳು ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬರಿದ್ದು "ತಗುಲಿತು" ಎಂದೋ "ತಪ್ಪಿತು" ಎಂದೋ ಅಂದಿದ್ದರೆ ಸಾಕಿತ್ತು. ಕತ್ತಲಾಗಲು ಒಂದು ಗಂಟೆಯೂ ಉಳಿದಿರಲಿಲ್ಲ. ಎದ್ದು ಹೋಗಿ ನೋಡಿದಾಗ ಓಕ್ ಎಲೆಯೊಂದರ ಮೇಲೆ ಬೆರಳಗಲದ ರಕ್ತ, ತಿಳಿ ಕೆಂಪು, ಅದರಲ್ಲಿ ಸಣ್ಣ ಸಣ್ಣ ಗುಳ್ಳೆ. ಗುಳ್ಳೆಯಿದ್ದರೆ ಶ್ವಾಸಕೋಶದ ರಕ್ತ, ಜಾಡು ಉದ್ದವಿರುವುದಿಲ್ಲ. ಕಪ್ಪು ಕೆಂಪಾಗಿದ್ದರೆ ಯಕೃತ್ತು. ಹಸಿರು ಬೆರೆತು ನಾತ ಬಂದರೆ ಹೊಟ್ಟೆ, ಆಗ ಗಂಟೆಗಟ್ಟಲೆ ಕಾಯಬೇಕು. ಎಂಬತ್ತು ಹೆಜ್ಜೆಯಾಚೆ ಬಿದ್ದ ಮರದ ಮಗ್ಗುಲಿಗೆ ಅದು ಮಲಗಿತ್ತು. ಕಣ್ಣು ತೆರೆದಿತ್ತು. ಕಡ್ಡಿಯಿಂದ ಕಣ್ಣಂಚು ಮುಟ್ಟಿ ನೋಡಬೇಕೆಂದು ಕಲಿಸಿದ್ದರು, ಮುಟ್ಟಿದೆ. ರೆಪ್ಪೆ ಅಲುಗಲಿಲ್ಲ.

ಹೊಟ್ಟೆ ಸೀಳುವಾಗ ಎಡಗೈಯ ಎರಡು ಬೆರಳನ್ನು ಚಾಕುವಿನ ಎರಡೂ ಬದಿಗೆ ಕೊಟ್ಟು ಚರ್ಮವನ್ನು ಮೇಲೆತ್ತಿ ಹಿಡಿಯಬೇಕು. ಇಲ್ಲದಿದ್ದರೆ ತುದಿ ಜಠರಕ್ಕೆ ತಾಗಿ ಮಾಂಸವೆಲ್ಲ ಕೆಡುತ್ತದೆ. ಮುದುಕರು ಇದನ್ನು ತಮ್ಮ ಜಾಕೆಟ್ಟಿನ ಮೇಲೆ ಮಾಡಿ ತೋರಿಸಿದ್ದರು. ಸೀಳಿದೊಡನೆ ಹಬೆ ಎದ್ದಿತು. ಒಳಗಿನ ಪರೆ ಕೊಯ್ದು, ಎದೆಯೊಳಗೆ ಮೊಣಕೈವರೆಗೆ ತೋಳು ಹಾಕಿ, ಗಂಟಲ ಕೊಳವೆಯನ್ನು ಕಾಣದೆಯೇ ತಡಕಿ ಕತ್ತರಿಸಬೇಕು. ಬೆಳಗಿನಿಂದ ಮರಗಟ್ಟಿದ್ದ ನನ್ನ ಕೈ ಅದರ ಎದೆಯೊಳಗೆ ಬೆಚ್ಚಗಾಯಿತು. ಹಾಯೆನ್ನಿಸಿತು. ಕೊಂದದ್ದಕ್ಕಿಂತ ಹೆಚ್ಚಾಗಿ, ಹಾಗೆ ಹಾಯೆನ್ನಿಸಿದ್ದು ನನ್ನನ್ನು ಆಮೇಲೆ ಬಹಳ ದಿನ ಕಾಡಿದೆ. ಆ ಹೊತ್ತಿನಲ್ಲಿ ಅಲ್ಲಿ ಇನ್ನೊಬ್ಬರು ಇದ್ದಿದ್ದರೆ ಏನಾದರೂ ಒಂದು ಮಾತು ಬರುತ್ತಿತ್ತು, ಒಂದು ಬೈಗುಳವಾದರೂ ಸರಿ, ಮತ್ತು ಅದು ಇಬ್ಬರ ನಡುವೆ ಹಂಚಿಹೋಗುತ್ತಿತ್ತು.

ಕರುಳು ತೆಗೆದ ಮೇಲೂ ಸುಮಾರು ಐವತ್ತು ಕಿಲೋ. ರಸ್ತೆ ಹೆಚ್ಚುಕಡಿಮೆ ಒಂದು ಕಿಲೋಮೀಟರು. ಮುಂಗಾಲುಗಳನ್ನು ತಲೆಗೆ ಸೇರಿಸಿ ಕಟ್ಟಿ, ಕೊರಳಿಗೆ ಹಗ್ಗ ಹಾಕಿ ಎಳೆದೆ. ಇಪ್ಪತ್ತು ಹೆಜ್ಜೆ ಎಳೆದರೆ ಎರಡು ನಿಮಿಷ ನಿಲ್ಲಬೇಕು. ಬೆವೆತರೆ ಬಟ್ಟೆ ಒದ್ದೆಯಾಗಿ ನಿಂತಾಗ ಹೆಪ್ಪುಗಟ್ಟುತ್ತದೆ. ಒಂದು ಸಣ್ಣ ತೊರೆ ದಾಟಬೇಕಿತ್ತು, ಅಲ್ಲಿ ಅದನ್ನು ಅಪ್ಪಿಕೊಂಡು ಎತ್ತಬೇಕಾಯಿತು. ತಲೆ ಹೆಗಲ ಮೇಲೆ ಬಿತ್ತು, ಮಲಗಿದ ಮಗುವಿನಂತೆ. ಕಾರಿಗೆ ತಲುಪಿದಾಗ ಎರಡು ಗಂಟೆ ನಲವತ್ತು ನಿಮಿಷವಾಗಿತ್ತು. ನಮ್ಮೂರಿನ ಬಯಲಾಟಗಳಲ್ಲಿ ಕಿರಾತನ ಪ್ರಸಂಗ ಎಷ್ಟು ಸಲ ನೋಡಿದ್ದೇನೋ; ಬೇಡನ ವೇಷದ ಶಿವನೂ ಅರ್ಜುನನೂ ಒಂದೇ ಹಂದಿಗೆ ಬಾಣ ಬಿಟ್ಟು ನನ್ನದು ತನ್ನದು ಎಂದು ಬೆಳಗಾಗುವವರೆಗೆ ಜಗಳವಾಡುತ್ತಾರೆ. ಕೊನೆಗೆ ಆ ಹಂದಿಯನ್ನು ಹೊತ್ತವರು ಯಾರು ಎಂದು ಯಾವ ಭಾಗವತರೂ ಹಾಡಿದ್ದನ್ನು ನಾನು ಕೇಳಿಲ್ಲ.

ಇದನ್ನು ಓದಿ, ಅಮೆರಿಕದವರ ಬೇಟೆ ಒಂಟಿ, ನಮ್ಮದು ಊರೊಟ್ಟಿನದು ಎಂದು ಯಾರಾದರೂ ತೀರ್ಮಾನಿಸಿದರೆ ತಪ್ಪಾಗುತ್ತದೆ. ಅಲ್ಲಿ ಅಜ್ಜ, ಮಗಳು, ಮೊಮ್ಮಕ್ಕಳು ತಲೆಮಾರುಗಳಿಂದ ಒಂದೇ ಗುಡಿಸಲಿಗೆ ಹೋಗಿ ಒಂಬತ್ತು ದಿನ ಒಟ್ಟಿಗೆ ಬೇಟೆಯಾಡುತ್ತಾರೆ. ಬಂದೂಕಿನ ಬೇಟೆಯಲ್ಲಿ ಗುಂಪಿನ ಒಬ್ಬರ ಚೀಟಿಗೆ ಇನ್ನೊಬ್ಬರು ಹೊಡೆಯಲು ಕಾನೂನೇ ಅವಕಾಶ ಕೊಡುತ್ತದೆ. ಪಕ್ಕದ ಮನೆಯ ಮುದುಕರದ್ದೂ ಅಂಥದೇ ಗುಂಪು. ಅದರೊಳಗೆ ಹುಟ್ಟಬೇಕು, ಅಷ್ಟೇ. ನಲವತ್ತಕ್ಕೆ ಕಲಿಯಲು ಬಂದವನಿಗೆ ಪುಸ್ತಕ, ತರಗತಿ, ರೈಫಲ್, ಚೀಟಿ ಎಲ್ಲವೂ ದುಡ್ಡಿಗೆ ಸಿಗುತ್ತವೆ. ಹಗ್ಗದ ಇನ್ನೊಂದು ತುದಿ ಹಿಡಿಯುವವರು ಸಿಗುವುದಿಲ್ಲ.

ಮನೆಗೆ ತಂದ ಮೇಲಿನದು ಇನ್ನೊಂದು ಕಥೆ. ನನ್ನ ಹೆಂಡತಿ ದಾವಣಗೆರೆಯವಳು, ಮಾಂಸ ತಿನ್ನದ ಮನೆಯಲ್ಲಿ ಬೆಳೆದವಳು. ಅಡಿಗೆಮನೆಗೆ ತರುವಂತಿಲ್ಲ ಎಂಬ ಒಪ್ಪಂದದ ಮೇಲೆ ನೆಲಮಾಳಿಗೆಯಲ್ಲಿ ಬೇರೆ ಫ್ರೀಜರ್ ಇಟ್ಟಿದ್ದೆ. ಮೂಳೆ ಬಿಡಿಸಿ ಇಪ್ಪತ್ತು ಕಿಲೋ ಆಯಿತು. ಆದರೆ ತಕ್ಷಣ ತಿನ್ನುವಂತಿರಲಿಲ್ಲ. ಜಿಂಕೆಗಳ ಮೆದುಳನ್ನು ತಿಂದು ಕೊಲ್ಲುವ, ಮದ್ದಿಲ್ಲದ ಒಂದು ರೋಗ 2002ರಲ್ಲಿ ಆ ರಾಜ್ಯದಲ್ಲಿ ಪತ್ತೆಯಾಗಿದೆ. ಮನುಷ್ಯರಿಗೆ ಬಂದದ್ದು ಕಂಡಿಲ್ಲವಾದರೂ ರೋಗವಿರುವ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಪರೀಕ್ಷೆಗೆ ಬೇಕಾದ ಗ್ರಂಥಿಗಳು ಗಂಟಲ ಹಿಂದೆ ಇರುವುದರಿಂದ, ಸ್ವಲ್ಪ ಕೊರಳು ಸೇರಿಸಿ ತಲೆ ಕತ್ತರಿಸಿ, ಚೀಲಕ್ಕೆ ಹಾಕಿ, ಚೀಟಿ ಕಟ್ಟಿ, ರಸ್ತೆ ಬದಿಯಲ್ಲಿ ಇಟ್ಟಿರುವ ಪೆಟ್ಟಿಗೆಗೆ ಹಾಕಿ ಬರಬೇಕು. ರಾತ್ರಿ ಹನ್ನೊಂದಕ್ಕೆ ಹೋಗಿ ಹಾಕಿದೆ. ಒಳಗೆ ಆಗಲೇ ಏಳೆಂಟು ತಲೆಗಳಿದ್ದವು. ಫಲಿತಾಂಶ ಬಂದದ್ದು ಎರಡು ವಾರದ ಮೇಲೆ, ರೋಗವಿಲ್ಲ ಎಂದು.

ಆಮೇಲೆ ಹಂಚಲು ನೋಡಿದೆ. ಕನ್ನಡದ ಗೆಳೆಯರಲ್ಲಿ ಅರ್ಧ ಜನ ತಿನ್ನದವರು, ಉಳಿದರ್ಧ ಕುರಿ ಕೋಳಿಯಾಚೆ ಹೋಗದವರು. ಒಂದು ತೊಡೆ ಮುದುಕರಿಗೆ ಕೊಟ್ಟೆ, ಅವರ ಫ್ರೀಜರ್ ಆಗಲೇ ತುಂಬಿದ್ದರೂ ಮರ್ಯಾದೆಗೆ ತೆಗೆದುಕೊಂಡರು. ಉಳಿದದ್ದನ್ನು ವಾರಕ್ಕೊಮ್ಮೆ ಖಾರ ಅರೆದು, ಸಾರು ಮಾಡಿ, ರಾಗಿ ಮುದ್ದೆಯ ಜೊತೆ ನೆಲಮಾಳಿಗೆಯ ಒಲೆಯ ಪಕ್ಕ ಒಬ್ಬನೇ ಕೂತು ತಿಂದೆ. ಕೊಬ್ಬಿಲ್ಲದ ಮಾಂಸ ಅದು, ಶೇಂಗಾ ಎಣ್ಣೆ ಸ್ವಲ್ಪ ಹೆಚ್ಚೇ ಬೇಕು. ರುಚಿಯಾಗಿತ್ತು. ಮುಗಿಯಲು ಹತ್ತು ತಿಂಗಳು ಹಿಡಿಯಿತು, ಮುಂದಿನ ಋತುವಿಗೆ ನಾನು ಚೀಟಿ ತೆಗೆಸಲಿಲ್ಲ.

ಅಟ್ಟಣೆ

ದೊಡ್ಡಪ್ಪನ ಪ್ರಶ್ನೆಗೆ ಉತ್ತರವಾಗಿ ಇದನ್ನೆಲ್ಲ ಹೇಳಿದ್ದು ಆ ದಿನವಲ್ಲ, ಎರಡು ರಾತ್ರಿ ಆದ ಮೇಲೆ, ಹೊಲದ ಅಟ್ಟಣೆಯ ಮೇಲೆ. ಶೇಂಗಾ ಬಲಿಯುವ ಹೊತ್ತಿಗೆ ಕಾಡುಹಂದಿ ಇಳಿಯುತ್ತವೆ. ಸುತ್ತಲೂ ಹಳೆಯ ಸೀರೆ ಕಟ್ಟಿದ್ದರೂ ಒಂದು ವಾರದ ಮೇಲೆ ಅವು ಸೀರೆಗೆ ಹೆದರುವುದಿಲ್ಲ. ಕಟ್ಟೆಯ ಹುಡುಗರು ನನ್ನನ್ನು ಕರೆದದ್ದೇ ಅದಕ್ಕೆ: "ಅಣ್ಣಾ, ನೀವು ಕಲ್ತು ಬಂದೀರಲ್ಲ, ಒಂದು ಕೆಡವಿ." ಬೆಳೆ ಹಾಳುಮಾಡುವ ಹಂದಿಯೇ ಆದರೂ ಅಧಿಕಾರ ಪಡೆದ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ ಎಂದೆ. ಅವರಿಗೆ ಅದು ನೆಪದಂತೆ ಕೇಳಿಸಿತು. ಅರ್ಧ ಎಕರೆ ಒಂದೇ ರಾತ್ರಿಯಲ್ಲಿ ಉತ್ತಂತೆ ಆಗುವುದನ್ನು ಕಂಡವರ ಎದುರು ಕಾನೂನು ಹೇಳುವುದು ಸುಲಭವಲ್ಲ, ಮತ್ತು ಅವರ ಸಿಟ್ಟು ಸುಳ್ಳೂ ಅಲ್ಲ. ಆದರೂ ನನ್ನ ಮೂರು ವರ್ಷದ ಕಲಿಕೆಯಿಂದ ಈ ಹೊಲಕ್ಕೆ ಬಂದೂಕು ಬರಬೇಕು ಎಂದು ನನಗೆ ಅನ್ನಿಸಲಿಲ್ಲ. ಕತ್ತಲಲ್ಲಿ ಸದ್ದಿಗೆ ಹೊಡೆದರೆ ಆಚೆ ಹೊಲದ ಅಟ್ಟಣೆಯಲ್ಲಿ ಯಾರಿದ್ದಾರೆ ಎಂದು ಗೊತ್ತಾಗುವುದಿಲ್ಲ. ನಾಲ್ಕು ನಿಯಮಗಳಲ್ಲಿ ಮೂರನೆಯದು ಅಲ್ಲೇ ಮುರಿಯುತ್ತದೆ.

ದೊಡ್ಡಪ್ಪ ಹಳೆಯ ಸೋವಿನ ಲೆಕ್ಕ ಹೇಳುತ್ತಿದ್ದರು. ಬಂದೂಕಿನವರು ಇಬ್ಬರೋ ಮೂವರೋ, ಕಣಿವೆಯ ಬಾಯಲ್ಲಿ. ತಮಟೆ ಬಡಿದು ಎಬ್ಬಿಸುವವರು ಮೂವತ್ತು ಜನ. ನಾಯಿ ಹಿಡಿದವರು ಬೇರೆ. ಬಿದ್ದ ಮೇಲೆ ಬಿದಿರಿಗೆ ಕಟ್ಟಿ ಹೊರುವವರು ನಾಲ್ವರು, ಅವರನ್ನು ಬದಲಿಸಲು ಮತ್ತೆ ನಾಲ್ವರು. ಹೊಡೆದವನಿಗೆ ತಲೆ, ನಾಯಿಗೂ ಒಂದು ಪಾಲು, ಅದು ನಾಯಿಯ ಒಡೆಯನ ಮನೆಗೆ. ಗಂಡಸರಿಲ್ಲದ ಮನೆಗೂ ಒಂದೊಂದು. "ಹೊಡೆಯೋದೇನು, ಕುಂತೋನು ಹೊಡೀತಾನೆ" ಎಂದರು. ಅವರು ತಾವೇ ಎಷ್ಟು ಹೊಡೆದಿದ್ದರು ಎಂದು ಕೇಳಿದೆ. ಒಂದೂ ಇಲ್ಲವಂತೆ. ಮದುವೆಯಾಗುವವರೆಗೆ ತಮಟೆ, ಆಮೇಲೆ ಹೊರುವ ಬಿದಿರು, ಅಷ್ಟರಲ್ಲಿ ಕಾಯ್ದೆ ಬಂತು. ಇಷ್ಟು ವರ್ಷ ನಾನು ಅವರನ್ನು ದೊಡ್ಡ ಬೇಟೆಗಾರರೆಂದು ತಿಳಿದಿದ್ದೆ. ಅವರು ಬೇಟೆಗಾರರೇ ಎಂದು ಈಗಲೂ ತಿಳಿದಿದ್ದೇನೆ.

ನನ್ನ ಲೆಕ್ಕ ಒಪ್ಪಿಸಿದೆ. ತಲೆ ಸರ್ಕಾರದ ಪೆಟ್ಟಿಗೆಗೆ, ಒಂದು ತೊಡೆ ಪಕ್ಕದ ಮನೆಗೆ, ಉಳಿದದ್ದು ಫ್ರಿಜ್ಜಿಗೆ.

"ಫ್ರಿಜ್ಜು ಯಾರ ಮನೆತನದ್ದೋ?" ಎಂದು ಕೇಳಿ ಅವರು ಕೆಮ್ಮು ಬರುವವರೆಗೆ ನಕ್ಕರು.

ಮೂರು ಗಂಟೆಯ ಹೊತ್ತಿಗೆ ಅವರು ಕೈಯೆತ್ತಿ ಸುಮ್ಮನಿರಿಸಿದರು. ನನಗೆ ಏನೂ ಕೇಳಿರಲಿಲ್ಲ. ಹಲಗೆಯ ಸಂದಿನಲ್ಲಿ ಕೂಡಿದ್ದ ಧೂಳನ್ನು ಚಿಟಿಕೆಯಲ್ಲಿ ತೆಗೆದು ಗಾಳಿಗೆ ಬಿಟ್ಟರು, ಅದು ನಮ್ಮಿಂದ ಹಳ್ಳದ ಕಡೆಗೆ ಇಳಿಯಿತು. ವಿಸ್ಕಾನ್ಸಿನ್ನಿನ ಪಕ್ಕದ ಮನೆಯ ಮುದುಕರು ಇದನ್ನೇ ಪುಡಿ ತುಂಬಿದ ಪ್ಲಾಸ್ಟಿಕ್ ಬಾಟಲಿಯಿಂದ ಮಾಡುತ್ತಿದ್ದರು. "ವಾಸನೆ ಹೋತು, ಈಗ ಬಡಿ" ಎಂದರು. ಇಬ್ಬರೂ ಡಬ್ಬ ಬಡಿದೆವು, ಆಚೆ ಹೊಲದವರು ಎದ್ದು ಕೂಗಿದರು, ಅವರಾಚೆಯವರು ಪಟಾಕಿ ಹಚ್ಚಿದರು, ಕೂಗು ಹೊಲದಿಂದ ಹೊಲಕ್ಕೆ ಕಾಡಿನ ಅಂಚಿನವರೆಗೆ ಹೋಯಿತು. ಕತ್ತಲೊಳಗೆ ಏನೋ ಭಾರವಾದದ್ದು ಸೀರೆ ಹರಿದುಕೊಂಡು ಓಡಿತು.

ಬೆಳಗಾದ ಮೇಲೆ ಇಳಿದು ನೋಡಿದರೆ ಮೂರು ಸಾಲು ಶೇಂಗಾ ಮೇಲೆಕೆಳಗಾಗಿತ್ತು. ಇಬ್ಬನಿ ಬಿದ್ದ ಮಣ್ಣಿನಲ್ಲಿ ಗುರುತು ಸ್ಪಷ್ಟವಾಗಿತ್ತು. ಎರಡು ಗೊರಸು, ಅವುಗಳ ಹಿಂದೆ ಅಗಲಕ್ಕೆ ಇನ್ನೆರಡು ಚುಕ್ಕೆ. ಆ ಚುಕ್ಕೆ ಮೆತ್ತಗಿನ ನೆಲದಲ್ಲಲ್ಲದೆ ಜಿಂಕೆಯ ಜಾತಿಯದಕ್ಕೆ ಮೂಡುವುದಿಲ್ಲ, ಹಂದಿಗೆ ಮೂಡುತ್ತದೆ ಎಂದು ದೊಡ್ಡಪ್ಪ ಕೋಲಿನ ತುದಿಯಿಂದ ತೋರಿಸಿದರು. ಪುಸ್ತಕದಲ್ಲಿ ಓದಿದ್ದೆ. ನೆಲದ ಮೇಲೆ ಯಾರೂ ಬೆರಳಿಟ್ಟು ತೋರಿಸಿರಲಿಲ್ಲ. ಎಷ್ಟು ಬಂದಿದ್ದವು ಹೇಳು ಎಂದರು. ಬದುವಿನುದ್ದಕ್ಕೂ ಬಗ್ಗಿ ನಡೆದು, ಒಂದರ ಮೇಲೊಂದು ಬಿದ್ದ ಹೆಜ್ಜೆಗಳನ್ನು ಬಿಡಿಸಿಕೊಂಡು, ಒಂದು ತಾಯಿ, ನಾಲ್ಕು ಮರಿ ಎಂದೆ.

"ಏಳು ಮರಿ ಅದಾವೆ" ಎಂದರು. "ಆ ಕಡೆಯಿಂದ ಬಾ. ಬಿಸಿಲು ಎದುರಿಗಿಟ್ಕೊಂಡು ನೋಡು."

ಬದುವಿನ ಆ ತುದಿಗೆ ಹೋಗಿ, ಸೂರ್ಯನಿಗೆ ಮುಖ ಮಾಡಿ, ಮತ್ತೆ ಮೊದಲಿನಿಂದ ಎಣಿಸತೊಡಗಿದೆ.